ಕೆರೆ ನಡುವೆ ಕೊಬ್ಬರಿ ಎಣ್ಣೆ

"ಗುರ್ರ್... ಗುರ್... ಗು..." ಅಂದು ಮೋಟಾರು ಸುಮ್ಮನಾಯಿತು.

ನೀಲಿ ಬೋಟು ಇನ್ನೊಂದಿಷ್ಟು ದೂರ ತಾನಾಗಿಯೇ ಜಾರಿತು. ಆಮೇಲೆ ಕೆರೆಯ ನಟ್ಟನಡುವೆ ನಿಂತುಬಿಟ್ಟಿತು.

"ಏನಾಯ್ತಪ್ಪಾ?" ಮೇಘಶ್ರೀ ಕೇಳಿದಳು. ಎರಡು ದಿನದ ನೆಗಡಿಯಿಂದ ಅವಳ ಮೂಗು ಪೂರ್ತಿ ಕಟ್ಟಿಕೊಂಡಿತ್ತು.

"ಏನಿಲ್ಲ ಪುಟ್ಟೀ, ಪೆಟ್ರೋಲ್ ಖಾಲಿ." ಅಪ್ಪ ನಕ್ಕರು. "ಅದಕ್ಕೇ ಸ್ಪೇರ್ ಕ್ಯಾನ್ ತಂದಿರೋದು. ನಾನೇನು ರಾಜಶೇಖರ್ ಅಲ್ಲ!"

ರಾಜಶೇಖರ್ ಅಂಕಲ್‌ಗೆ ಬಾಣಾವರದಲ್ಲಿ ಹಾರ್ಡ್‌ವೇರ್ ಅಂಗಡಿ. ಇದೇ ಕೆರೆಯಲ್ಲಿ ಅವರದ್ದೂ ಒಂದು ಕೆಂಪು ಬೋಟು ಇತ್ತು. ಹೋದ ತಿಂಗಳು ಅವರು ಪೆಟ್ರೋಲ್ ಮೋಟಾರಿಗೆ ಡೀಸೆಲ್ ತುಂಬಿಸಿಬಿಟ್ಟಿದ್ದರು. ಬೋಟು ಹೊಗೆ ಉಗುಳಿ, ಕೆಮ್ಮಿ, ನಿಂತೇಹೋಯಿತು. ಕೊನೆಗೆ ಅಪ್ಪನೇ ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದಿದ್ದರು. ಅವತ್ತಿನಿಂದ ಬೋಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪನದು ದಿನಾ ಒಂದು ಡೀಸೆಲ್ ಜೋಕು. ಗ್ರೂಪಿನ ಹೆಸರು 'ಕೆರೆ ಕ್ಯಾಪ್ಟನ್ಸ್'. ಅದರಲ್ಲಿ ಇದ್ದವರು ಮೂರೇ ಜನ.

ಅಪ್ಪ, ಅಂದರೆ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರ, ವಾರವೆಲ್ಲ ಮಂಡಿಯಲ್ಲಿ ಕೂತಿರುತ್ತಿದ್ದರು. ಭಾನುವಾರ ಬಂತೆಂದರೆ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಅಜ್ಜಿಯ ಊರಿಗೆ ಬರುತ್ತಿದ್ದರು. ಅಜ್ಜಿ ಮನೆಗೆ ಐದು ನಿಮಿಷ, ಕೆರೆಗೆ ಇಡೀ ಮಧ್ಯಾಹ್ನ. ಅಜ್ಜಿ ಮಹದೇವಮ್ಮ ಒಂದು ದಿನ ಕೇಳಿಯೇಬಿಟ್ಟಿದ್ದರು, "ನೀನು ನನ್ನ ನೋಡಕ್ಕೆ ಬತ್ತೀಯೋ, ಆ ಡಬ್ಬಿ ದೋಣಿ ನೋಡಕ್ಕೆ ಬತ್ತೀಯೋ?"

ಅಪ್ಪ ಬೋಟಿನ ಮೂಲೆಯಿಂದ ಬಿಳಿ ಕ್ಯಾನನ್ನು ಎಳೆದುಕೊಂಡು ಮುಚ್ಚಳ ತಿರುಗಿಸತೊಡಗಿದರು.

ಮೇಘಶ್ರೀ ಮಾತ್ರ ಸುತ್ತ ನೋಡುತ್ತಾ ಕೂತಳು. ಮೋಟಾರು ನಿಂತ ಮೇಲೆ ಕೆರೆ ಬೇರೆಯೇ ಆಗಿತ್ತು. ಇಷ್ಟು ದಿನ ಅವಳಿಗೆ ಕೇಳಿದ್ದು ಮೋಟಾರಿನ ಸದ್ದು ಒಂದೇ. ಈಗ ಬೋಟಿನ ಹೊಟ್ಟೆಗೆ ನೀರು ತಟ್ಟುವ ಸದ್ದು ಕೇಳಿತು. ತಟಪಟ, ತಟಪಟ. ದೂರದಲ್ಲಿ ಯಾವುದೋ ಹಕ್ಕಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿತ್ತು.

ಆಕಾಶದ ಮೋಡಗಳೆಲ್ಲ ನೀರಿನೊಳಗೂ ಇದ್ದವು. ಅವಳು ಬಗ್ಗಿ ನೋಡಿದಳು. ಬೋಟು ನೀರಿನ ಮೇಲಲ್ಲ, ಒಂದು ದೊಡ್ಡ ಬಿಳಿ ಮೋಡದ ಮೇಲೆ ನಿಂತ ಹಾಗಿತ್ತು. ಕೈ ಅದ್ದಿದಳು. ಮೋಡ ನಡುಗಿತು, ಒಡೆಯಿತು, ಮತ್ತೆ ಮೆಲ್ಲಗೆ ಕೂಡಿಕೊಂಡಿತು. ಒಂದು ಕಪ್ಪು ನೀರುಕೋಳಿ ಆ ಮೋಡದೊಳಗಿಂದಲೇ ಎದ್ದು ಬಂದು, ಇವಳನ್ನು ನೋಡಿ, ಮತ್ತೆ ಮುಳುಗಿಹೋಯಿತು.

ಇಲ್ಲೇ ಹೀಗೇ ಇದ್ದುಬಿಟ್ಟರೆ ಎಷ್ಟು ಚೆನ್ನ ಅನ್ನಿಸಿತು ಅವಳಿಗೆ.

"ಇದೇನು, ಇಷ್ಟು ನಿಧಾನಕ್ಕೆ ಬೀಳ್ತೈತೆ?" ಅಪ್ಪ ಗೊಣಗಿದರು.

ಕ್ಯಾನಿನಿಂದ ಟ್ಯಾಂಕಿಗೆ ಬೀಳುತ್ತಿದ್ದದ್ದು ದಾರದ ಹಾಗೆ ಸಣ್ಣಗೆ, ಮಂದವಾಗಿ ಇಳಿಯುತ್ತಿತ್ತು. ಅಪ್ಪ ತಟ್ಟನೆ ಕ್ಯಾನನ್ನು ನೆಟ್ಟಗೆ ಮಾಡಿದರು. ಬೆರಳು ಅದ್ದಿ ಉಜ್ಜಿ ನೋಡಿದರು. ಮೂಸಿ ನೋಡಿದರು. ಇನ್ನೊಂದು ಸಲ ಮೂಸಿದರು.

"ಪುಟ್ಟೀ, ಇದು ಕೊಬ್ಬರಿ ಎಣ್ಣೆ ಕಣೇ!"

ಮೇಘಶ್ರೀಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಬೋಟಿಗೆ ತಲೆಗೆ ಹಚ್ಚೋ ಎಣ್ಣೆನಾ?"

ಅಪ್ಪನಿಗೂ ನಗು ಬಂತು. "ರಾಜಶೇಖರ್‌ಗೆ ಮಾತ್ರ ಗೊತ್ತಾಗಬಾರ್ದು. ಡೀಸೆಲ್‌ಗಿಂತ ಇದು ಮಾನಗೇಡು. ಕೊಬ್ಬರಿ ವ್ಯಾಪಾರಿ ಕೊಬ್ಬರಿ ಎಣ್ಣೇಲೇ ಬೋಟ್ ಓಡ್ಸಕ್ಕೆ ಹೋದ ಅಂತ ತಿಂಗಳೆಲ್ಲ ಆಡ್ಕೋತಾನೆ."

ಅಷ್ಟು ಹೇಳಿ ಅಪ್ಪ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು.

"ಹಂಗಾದ್ರೆ ಪೆಟ್ರೋಲ್ ಎಲ್ಲಿ?"

ಮೇಘಶ್ರೀಯ ನಗುವೂ ನಿಂತಿತು. ಗಾಣದಿಂದ ತಂದ ಎಣ್ಣೆ ಒಂದು ಕ್ಯಾನು, ಪೆಟ್ರೋಲ್ ಒಂದು ಕ್ಯಾನು. ಎರಡೂ ಬಿಳಿ, ಎರಡೂ ಒಂದೇ ಅಳತೆ. ಕಾರಿನ ಡಿಕ್ಕಿಯಲ್ಲಿ ಅಕ್ಕಪಕ್ಕ ಇದ್ದವು. "ಎಣ್ಣೆ ಕ್ಯಾನ್ ಅಜ್ಜಿಗೆ ಕೊಟ್ಟು ಬಾ" ಎಂದು ಅಪ್ಪ ಕಾರಿನಿಂದಲೇ ಕೂಗಿದ್ದರು. ಅವಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದ್ದಳು. ಅಜ್ಜಿ ಹಿತ್ತಲಲ್ಲಿದ್ದರು. "ದೇವರ ಮನೆ ಬಾಗಿಲಲ್ಲಿ ಇಡವ್ವ, ದೀಪಕ್ಕೆ ಬೇಕು" ಅಂದಿದ್ದರು.

ಮೂಗು ಕಟ್ಟಿದ್ದರಿಂದ ಅವಳಿಗೆ ವಾಸನೆಯೇ ಬಂದಿರಲಿಲ್ಲ.

"ಅಪ್ಪಾ," ಅವಳು ಅಪ್ಪನ ತೋಳು ಹಿಡಿದಳು. "ಅಜ್ಜಿಗೆ ಕೊಟ್ಟಿದ್ದು ಪೆಟ್ರೋಲ್. ದೇವರ ಮನೆ ಬಾಗಿಲಲ್ಲಿ ಇಟ್ಟೆ. ದೀಪಕ್ಕೆ."

ಅಪ್ಪ ಆಕಾಶ ನೋಡಿದರು. ಸೂರ್ಯ ಆಗಲೇ ಕೆರೆ ಏರಿಯ ಮೇಲಿನ ತೆಂಗಿನ ತಲೆಗಳಿಗೆ ತಾಗುತ್ತಿದ್ದ. ದನ ಮನೆಗೆ ಬರುವ ಹೊತ್ತಿಗೆ ಅಜ್ಜಿ ದೀಪ ಹಚ್ಚುತ್ತಿದ್ದರು. ಅದು ಒಂದು ದಿನವೂ ತಪ್ಪುತ್ತಿರಲಿಲ್ಲ.

"ಫೋನ್ ಮಾಡಪ್ಪ!"

"ಫೋನ್ ಕಾರಲ್ಲೈತೆ." ಹಿಂದೊಮ್ಮೆ ಫೋನನ್ನು ನೀರಿಗೆ ಬೀಳಿಸಿಕೊಂಡ ಮೇಲೆ ಅಪ್ಪ ಅದನ್ನು ಬೋಟಿಗೆ ತರುತ್ತಲೇ ಇರಲಿಲ್ಲ. ದೋಣಿ ನಡೆಸುವ ಹುಟ್ಟೂ ಇರಲಿಲ್ಲ. ಮೋಟಾರು ಇರುವಾಗ ಹುಟ್ಟು ಯಾಕೆ ಎಂದು ಅದನ್ನು ಅಜ್ಜಿಯ ಕೊಟ್ಟಿಗೆಯಲ್ಲಿ ಇಟ್ಟಿದ್ದರು.

ಅಪ್ಪ ಬೋಟಿನ ಬದಿಯಲ್ಲಿ ಮಂಡಿಯೂರಿ ಎರಡೂ ಕೈಯಿಂದ ನೀರು ಎಳೆಯತೊಡಗಿದರು. ಇನ್ನೊಂದು ಬದಿಯಲ್ಲಿ ಮೇಘಶ್ರೀಯೂ ಎಳೆದಳು. ಅಪ್ಪನ ಕೈಗೆ ಬಲ ಜಾಸ್ತಿ. ಬೋಟು ಮುಂದೆ ಹೋಗುವ ಬದಲು ಇದ್ದಲ್ಲೇ ದುಂಡಗೆ ತಿರುಗಿತು. ದಡ, ತೋಟ, ಗುಡ್ಡ, ಮತ್ತೆ ದಡ. ಎಲ್ಲವೂ ಅವಳ ಸುತ್ತ ಮೆಲ್ಲಗೆ ಸುತ್ತುತ್ತಿದ್ದವು, ಕನಸಿನಲ್ಲಿ ಎಷ್ಟು ಓಡಿದರೂ ದಾರಿ ಸಾಗದ ಹಾಗೆ.

ನೀರು ಬಣ್ಣ ಬದಲಿಸುತ್ತಿತ್ತು. ಮೊದಲು ಅರಿಶಿನ, ಆಮೇಲೆ ಕಿತ್ತಳೆ. ಬೆಳ್ಳಕ್ಕಿಗಳು ಸಾಲಾಗಿ ತಲೆಯ ಮೇಲೆ ಹಾರಿಹೋದವು, ಒಂದೂ ಸದ್ದು ಮಾಡದೆ. ಇಷ್ಟು ಚಂದದ ಸಂಜೆಯನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅದು ಬೇಗ ಮುಗಿಯುತ್ತಿದೆ ಎಂಬುದೇ ಅವಳ ಭಯವಾಗಿತ್ತು. ಆಚೆ ದಡದಲ್ಲಿ ಒಂದು ಮನೆಯ ದೀಪ ಹೊತ್ತಿಕೊಂಡಿತು. ಅಜ್ಜಿಯ ಮನೆಯಲ್ಲ. ಇನ್ನೊಂದು ಹೊತ್ತಿತು. ಅದೂ ಅಲ್ಲ. ಅಜ್ಜಿಯ ಹೆಂಚಿನ ಮನೆ ಹುಣಸೆಮರದ ಪಕ್ಕದಲ್ಲಿ ಇನ್ನೂ ಕತ್ತಲಾಗಿತ್ತು.

ಆಗ ಅಪ್ಪ ಎದ್ದು ನಿಂತರು. ಬೋಟು ಓಲಾಡಿತು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದರು.

"ಅವ್ವಾ!"

ಕೂಗು ನೀರಿನ ಮೇಲೆ ಉದ್ದಕ್ಕೆ ಹೋಯಿತು.

"ಅವ್ವಾ! ದೀಪ ಹಚ್ಚಬ್ಯಾಡ ಕಣವ್ವಾ! ಅವ್ವೋ!"

ಅಪ್ಪ ಹೀಗೆ ಕೂಗಿದ್ದನ್ನು ಮೇಘಶ್ರೀ ಎಂದೂ ಕೇಳಿರಲಿಲ್ಲ. ಮಂಡಿಯಲ್ಲಿ ಲಾರಿಯವರನ್ನು ಗದರುವ ದನಿ ಇದಾಗಿರಲಿಲ್ಲ. ಇದು ಸಣ್ಣ ದನಿ. ಕೊನೆಗೆ ಒಡೆದುಹೋಗುತ್ತಿತ್ತು. ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಹಾಗೆ ಕೂಗುತ್ತದೆ. ಅಪ್ಪನ ಗಲ್ಲ ನಡುಗುತ್ತಿತ್ತು. ಕಣ್ಣಲ್ಲಿ ನೀರಿತ್ತು, ಕೆರೆಯ ನೀರಲ್ಲ.

ಅವಳು ಎದ್ದು ಅಪ್ಪನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೀಳ್ತೀಯಪ್ಪ, ಕೂತ್ಕೋ" ಅಂದಳು. ಅಮ್ಮ ತನಗೆ ಹೇಳುವ ಹಾಗೆಯೇ ಹೇಳಿದಳು. ಅಪ್ಪ ಕೂತರು.

ತುಸು ಹೊತ್ತಿಗೆ ಗುರ್ರ್ ಎಂದು ಸದ್ದು ಕೇಳಿತು. ಬೆಳಕಿನ ನೀರನ್ನು ಎರಡಾಗಿ ಸೀಳಿಕೊಂಡು ಕೆಂಪು ಬೋಟು ಬರುತ್ತಿತ್ತು. ಅದರಲ್ಲಿ ರಾಜಶೇಖರ್ ಅಂಕಲ್. ಅವರು ತಮಾಷೆ ಮಾಡುತ್ತಾರೆ ಎಂದುಕೊಂಡಳು ಮೇಘಶ್ರೀ. ಆದರೆ ಅವರು ಅಪ್ಪನ ಮುಖ ನೋಡಿ ಬೋಟನ್ನು ಪಕ್ಕಕ್ಕೆ ತಂದರು.

"ಹತ್ತಿ. ಇಬ್ರೂ ಇದಕ್ಕೇ ಹತ್ತಿ. ನಿಮ್ಮ ಬೋಟು ಇಲ್ಲೇ ಇರ್ಲಿ, ಆಮೇಲೆ ಎಳೀವಾ," ಅಂದರು, ಅಷ್ಟೇ.

ದಡ ಮುಟ್ಟಿದ ಕೂಡಲೇ ಅಪ್ಪ ಓಡಿದರು. ಚಪ್ಪಲಿ ಕೆಸರಲ್ಲೇ ಉಳಿಯಿತು. ಮೇಘಶ್ರೀ ಹಿಂದೆ ಹಿಂದೆ ಓಡಿದಳು. ಅಜ್ಜಿಯ ಮನೆ ತಿರುವಿಗೆ ಬಂದಾಗ ಬಾಗಿಲಿನೊಳಗೆ ಬೆಳಕು ಕಂಡಿತು. ಸಣ್ಣ ಬೆಳಕು. ದೀಪ ಹೊತ್ತಿತ್ತು.

ಅಜ್ಜಿ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಅವ್ವಾ... ಎಣ್ಣೆ..." ಅಪ್ಪ ಏದುಸಿರು ಬಿಡುತ್ತಾ ಒಳಗಿನ ದೀಪದ ಕಡೆ ಕೈ ತೋರಿಸಿದರು.

"ಆ ಹಾಳು ಕ್ಯಾನಾ? ಮುಚ್ಚಳ ತೆಗೀತಿದ್ದಂಗೇ ಮೂಗಿಗೆ ಬಡೀತು. ಎತ್ಕೊಂಡೋಗಿ ಹಿತ್ತಲಲ್ಲಿ ಇಟ್ಟೀನಿ. ಕುಡಿಕೇಲಿ ಹಳೇ ಎಣ್ಣೆ ಮಿಕ್ಕಿತ್ತು, ಅದ್ರಲ್ಲೇ ದೀಪ ಹಚ್ಚಿದೆ." ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ಲಾ ಇದು ಅವತಾರ? ಚಪ್ಪಲಿ ಎಲ್ಲಿ?"

ಅಪ್ಪ ಅಜ್ಜಿಯ ಕಾಲ ಬಳಿ, ಮೆಟ್ಟಿಲ ಮೇಲೆ ಕುಸಿದು ಕೂತರು.

"ಆಗ್ಲೇ ಕೆರೆ ಕಡೆಯಿಂದ ಅವ್ವಾ ಅವ್ವಾ ಅಂತ ಕೂಗು ಕೇಳ್ತು," ಅಜ್ಜಿ ಸೆರಗಿನಿಂದ ಅಪ್ಪನ ಬೆವರಿದ ತಲೆ ಒರೆಸುತ್ತಾ ಹೇಳಿದರು. "ಯಾರೋ ಹುಡುಗ ಅವರವ್ವನ್ನ ಕೂಗ್ತಾವ್ನೆ ಅಂದ್ಕೊಂಡೆ."

ಅವತ್ತು ಅಪ್ಪ ಬೇಗ ಹೊರಡಲಿಲ್ಲ. ಅಜ್ಜಿ ಮಾಡಿದ ಬಿಸಿ ಮುದ್ದೆ, ಬಸ್ಸಾರು ಉಂಡೇ ಹೊರಟರು.

ಮುಂದಿನ ಭಾನುವಾರ ಏರಿಯ ಮೇಲಿನ ಆಲದ ಮರದ ಕೆಳಗೆ 'ಕೆರೆ ಕ್ಯಾಪ್ಟನ್ಸ್' ಮೂವರೂ ಸೇರಿದರು. ಮೂರನೆಯವರು ನಿವೃತ್ತ ಮೇಷ್ಟ್ರು ಷಡಕ್ಷರಪ್ಪ. ಫ್ಲಾಸ್ಕಿನ ಕಾಫಿ, ಪೇಪರ್ ಮೇಲೆ ಖಾರ ಮಂಡಕ್ಕಿ. ಹೇಗೂ ಗೊತ್ತಾಗೇ ಆಗುತ್ತದೆ ಎಂದು ಅಪ್ಪ ಕತೆಯನ್ನು ತಾವೇ ಶುರುಮಾಡಿದರು.

"ಕ್ಯಾನ್ ಅದಲು ಬದಲು ಮಾಡಿದ್ದು ನಾನೇ ಮಾರಾಯ್ರೆ," ಅಂದರು.

ಮೇಘಶ್ರೀ ಬಾಯಿ ತೆರೆದಳು. ಅಪ್ಪ ಅವಳ ಕಡೆ ನೋಡದೆಯೇ ಮಂಡಕ್ಕಿಯ ಪೇಪರನ್ನು ಅವಳ ಮುಂದೆ ಸರಿಸಿದರು.

ಕೊಬ್ಬರಿ ಎಣ್ಣೆಯ ವಿಷಯ ಬಂದಾಗ ಮೇಷ್ಟ್ರು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. "ಬೋಟಿಗೆ ಎಣ್ಣೆ ಸ್ನಾನ ಮಾಡ್ಸಕ್ಕೆ ಹೋಗಿದ್ರಾ?" ಅಂದರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಸರಿ, ಅಷ್ಟು ದೂರದಲ್ಲಿ ನೀವು ನಿಂತಿರೋದು ರಾಜಶೇಖರ್‌ಗೆ ಹೆಂಗೆ ಗೊತ್ತಾಯ್ತು?"

ಅಪ್ಪನ ಕೈ ಲೋಟದ ಮೇಲೆ ಹಾಗೇ ನಿಂತಿತು.

ರಾಜಶೇಖರ್ ಅಂಕಲ್ ಕೆರೆಯ ಕಡೆ ತಿರುಗಿದರು. "ಏನೋ, ಸುಮ್ನೆ ಆ ಕಡೆ ನೋಡ್ದೆ ಕಣ್ರೀ. ಬೋಟು ಕಾಣಿಸ್ತು," ಅಂದರು.

ಮೇಷ್ಟ್ರು ಬಿಡಲಿಲ್ಲ. "ನೀನು ಹೇಳವ್ವ ಮೇಘಾ. ನೀನೂ ಇದ್ದೆಯಲ್ಲ. ನಿಮ್ಮಪ್ಪ ಏನು ಮಾಡಿದ್ರು?"

"ಎಣ್ಣೆ ಮೂಸಿ ನೋಡಿದ್ರು," ಅಂದಳು ಮೇಘಶ್ರೀ. ಎಲ್ಲರೂ ಮತ್ತೆ ನಕ್ಕರು.

"ಆಮೇಲೆ?"

ಅವಳು ನೀರಿನ ಕಡೆ ನೋಡಿದಳು. ಕೆರೆಯ ನಡುವೆ ಬೋಟು ನಿಂತಿದ್ದ ಜಾಗ ಯಾವುದೆಂದು ಈಗ ಹೇಳುವ ಹಾಗಿರಲಿಲ್ಲ. ಅಲ್ಲೆಲ್ಲ ಮೋಡಗಳಿದ್ದವು.

"ಆಮೇಲೆ ಅಂಕಲ್ ಬಂದ್ರು," ಅಂದಳು.

ಆ ಎರಡು ಮಾತುಗಳ ನಡುವೆ ಅಪ್ಪ ಅವ್ವನನ್ನು ಕೂಗಿದ ಇಡೀ ಒಂದು ಸಂಜೆ ಇತ್ತು. ಅದನ್ನು ಅವಳು ಹೇಳಲಿಲ್ಲ. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಪ್ಪನ ಪಕ್ಕಕ್ಕೆ ಸರಿದು ಕೂತಳು.