ಬಾಗಿಲ ಮೇಲಿನ ಗಂಟು

“ಏನಾದ್ರೂ ಮಾಡಿ ಸಾರ್, ಕೋಣೆ ಬಾಗಿಲ ಮೇಲಿರೋ ಗಂಟು ಮಾತ್ರ ಮುಟ್ಬೇಡಿ.” ಬೀಗದ ಕೈ ಕೊಡುತ್ತಾ ಹೋಟೆಲಿನ ಒಡತಿ ದನಿ ತಗ್ಗಿಸಿದಳು. “ನಮ್ಮನೆಗೆ ಯಾರೋ ಮಾಡಿಸಿದ ಮಾಟ ಅದು. ಬಿಚ್ಚಿದವರ ಮಾತು ಕಿತ್ಕೊಂಡು ಹೋಗುತ್ತೆ.”

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅವಳ ಅತ್ತೆ ತಲೆಯೆತ್ತಿದಳು. ಇಪ್ಪತ್ತು ವರ್ಷಗಳಿಂದ ಆ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ.

ಹೆಂಡತಿ, ಮಗಳೊಂದಿಗೆ ಬಂದಿದ್ದ ವಕೀಲ ಗಹಗಹಿಸಿ ನಕ್ಕ. “ಅಗ್ಗದ ಹೋಟೆಲು, ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು ಅಂದಿದ್ರು. ಹೆಂಡ್ತಿ ಬಾಯಿ ಮುಚ್ಚಿಸೋ ಅನುಕೂಲಾನೂ ಇದೆ ಅಂತ ಹೇಳ್ಲೇ ಇಲ್ವಲ್ಲ!”

ಹೆಂಡತಿಯೂ ನಕ್ಕಳು. ಬೆಟ್ಟ ಹತ್ತುವಷ್ಟರಲ್ಲಿ ಬಸ್ಸಿನ ಅರ್ಧ ಜನರ ಮನೆ ಕತೆ ಕೇಳಿ ಮುಗಿಸಿದ್ದ ಮಾತಿನ ಮಲ್ಲಿ ಅವಳು.

ಮಧ್ಯಾಹ್ನ ಊಟ ಮುಗಿಸಿ ಅವಳು ಕೋಣೆಯ ಮಂಚದ ಮೇಲೆ ಅಡ್ಡಾದಳು. ಮಗಳು ಮಾತ್ರ ಗಂಟನ್ನೇ ನೋಡುತ್ತಾ ಗೋಡೆಗೆ ಅಂಟಿಕೊಂಡಿದ್ದಳು.

“ಬಿಚ್ಚಿ ನೋಡಿದ್ರೆ ಭಯ ಹೋಗುತ್ತೆ, ಪುಟ್ಟಿ.” ವಕೀಲ ಕುರ್ಚಿ ಹತ್ತಿದ. ಕರಿಬಟ್ಟೆಯೊಳಗೆ ಒಂದು ಹಿಡಿ ನರೆಗೂದಲು, ತುಕ್ಕು ಹಿಡಿದ ಸೂಜಿಗಳು, ಚಕ್ಕಳದಂತೆ ಒಣಗಿದ ಒಂದು ತುಂಡು. “ನೋಡು, ಬರೀ ಕಸ!”

ಕಿಟಕಿಯಾಚೆಯ ಬೆಟ್ಟ ಕಾಣೆಯಾಯಿತು. ಮಂಜು ಗಾಜಿಗೆ ಒತ್ತಿಕೊಂಡು, ಹಾಡಹಗಲಲ್ಲೇ ಕೋಣೆ ಕಗ್ಗತ್ತಲಾಯಿತು. ಸುಟ್ಟ ಕೂದಲಿನ ಕಮಟು. ಗೋಡೆಯೊಳಗೆ ಉಗುರು ಗೀರಿದ ಸದ್ದು. ಅದು ಕಪಾಟು ದಾಟಿತು. ಮಂಚ ದಾಟಿತು. ಅವನ ಕಿವಿಯ ಪಕ್ಕ ನಿಂತಿತು. ಒದ್ದೆ ಉಸಿರು.

“ಬಿಚ್ಚಿದವರ್ಯಾರು?”

ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ನಾಲಗೆ ಒಣಗಿತು. ಆ ನಾಲಗೆಯೇ ಅವನ ಅನ್ನ. ತಣ್ಣನೆಯ ಬೆರಳು ತುಟಿ ಸವರಿತು. ಹಲ್ಲು ತಡವಿತು.

“ಯಾರು?”

“ಅವಳು!” ವಕೀಲ ಕಿರುಚಿದ. “ನಾನಲ್ಲ! ನನ್ನ ಹೆಂಡ್ತಿ!”

ಅವಳು ಎದ್ದು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ರೀ...” ಎಂದಳು. ಆಮೇಲೆ ಬಾಯಿ ಅಲುಗಿತು, ದನಿ ಬರಲಿಲ್ಲ.

ಮಂಜು ಸರಿದು ಬಿಸಿಲು ಬಿತ್ತು. ಚೀರಾಟ ಕೇಳಿ ಒಡತಿ ಓಡಿಬಂದಳು. ಕೂದಲು, ಸೂಜಿ ಬಾಚಿ ಬಟ್ಟೆಗೆ ಹಾಕಿದಳು.

“ಬಿಚ್ಚಿದವರು ಈಗ್ಲೇ ಒಪ್ಕೊಂಡ್ರೆ ಇವ್ರ ಮಾತು ವಾಪಸ್ ಬರುತ್ತೆ, ಅವ್ರದು ಹೋಗುತ್ತೆ. ಗಂಟು ಕಟ್ಟದೆ ಬಿಡೋಕಾಗಲ್ಲ, ಅದು ಮತ್ತೆ ಬರುತ್ತೆ. ಕಟ್ಟಿಬಿಟ್ರೆ ಮುಗೀತು.” ಅವಳು ಬಟ್ಟೆಯ ತುದಿಗಳನ್ನು ಹಿಡಿದಳು. “ಅವತ್ತು ಬಿಚ್ಚಿದ್ದು ನಾನು, ಸಾರ್. ಅತ್ತೆ ಹೆಸರು ಹೇಳಿ ಸುಮ್ನಾಗ್ಬಿಟ್ಟೆ. ಇವತ್ತಿಗೂ ಅವ್ರ ಮುಖ ನೋಡೋಕಾಗಲ್ಲ. ಹೇಳಿ, ಯಾರು?”

ವಕೀಲ ಬಾಯಿ ತೆರೆದ. ಮಾತೆಲ್ಲ ಅಲ್ಲೇ ಇತ್ತು. ಒಂದೂ ಹೊರಬರಲಿಲ್ಲ.

“ಅಪ್ಪಾನೇ...” ಎಂದು ಮಗಳು ಶುರುಮಾಡಿದಳು.

ಹೆಂಡತಿ ಚಕ್ಕನೆ ಮಗಳ ಬಾಯಿಗೆ ಅಂಗೈ ಒತ್ತಿದಳು.

ಒಡತಿ ಮಗುವಿನಿಂದ ವಕೀಲನತ್ತ ಕಣ್ಣು ತಿರುಗಿಸಿದಳು. ಆಮೇಲೆ ಗಂಟು ಬಿಗಿದಳು. ‘ಬದುಕಿದೆ’ ಎಂದು ವಕೀಲನಿಗೆ ಒಳಗೊಳಗೇ ಅನ್ನಿಸಿತು. ಅನ್ನಿಸಿದ್ದೇ ತಡ, ಹೆಂಡತಿಯ ಆ ಅಂಗೈಯನ್ನೂ ನೋಡಲಾರದೆ ತಲೆ ತಗ್ಗಿಸಿದ.