ಪೆಟ್ಟಿಗೆಯ ಮೇಲಿನ ಗಂಡ

“ನಾನು ನಿನ್ನ ಗಂಡ. ನನ್ನ ಕಣ್ಣನ್ನೇ ನೋಡು… ನೋಡಿ ಅಳು!”

ಹಿಂದಿಯಲ್ಲಿ ಹಾಗೆಂದವನನ್ನು ಅವಳು ಅದೇ ಮೊದಲ ಸಲ ನೋಡುತ್ತಿದ್ದಳು.

ಕ್ಯಾಮೆರಾದ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ನಿಂತಿದ್ದ. ಬಣ್ಣ ಮಾಸಿದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಹಾಳೆಗಳ ಕಟ್ಟು.

ಇವನಾ ನನ್ನ ಗಂಡ!

ಹಿಂದಿ ಧಾರಾವಾಹಿಯೊಂದರಲ್ಲಿ ಕಿರಿಸೊಸೆಯ ಪಾತ್ರ. ಅವಳಿಗೆ ಅದು ಮೊದಲ ದಿನ. ಗಂಡನ ಪಾತ್ರದ ನಾಯಕ ತನ್ನ ಪಾಲಿನ ಮಾತು ಮುಗಿಸಿ ಊಟಕ್ಕೆ ಹೊರಟುಹೋಗಿದ್ದ. ಇನ್ನು ಅವಳ ಮುಖದ ಕ್ಲೋಸಪ್ ಮಾತ್ರ ಬಾಕಿ. ಅಂಥ ಹೊತ್ತಿನಲ್ಲಿ ನಾಯಕನ ಜಾಗದಲ್ಲಿ ನಿಂತು, ಅವನ ಮಾತನ್ನು ಓದಿ ಹೇಳಿ, ಅವಳ ನೋಟಕ್ಕೊಂದು ಗುರಿಯಾಗುವುದು ಈ ಸಹಾಯಕನ ಕೆಲಸ. ನಾಯಕ ಆರಡಿ ಆಳು. ಸಹಾಯಕ ಅವನ ಭುಜಕ್ಕೆ ಬರುತ್ತಿದ್ದ. ಅದಕ್ಕೇ ಪೆಟ್ಟಿಗೆ. ಸೆಟ್ಟಿನವರು ಅವನನ್ನು ಕರೆಯುತ್ತಿದ್ದುದೂ ‘ಪೆಟ್ಟಿಗೆ’ ಎಂದೇ.

“ಹಿಂದಿ ನಾಲಿಗೆ ಮೇಲೆ ಹೊರಳ್ತಾನೇ ಇಲ್ವಲ್ಲ…” ಅವಳು ತನಗೆ ತಾನೇ ಗೊಣಗಿಕೊಂಡಳು.

“ಹೊರಳುತ್ತೆ. ಆ ಹಾಳೆ ಕೊಡಿ ಇಲ್ಲಿ.”

ಕನ್ನಡ! ಅವಳ ಕಿವಿ ನೆಟ್ಟಗಾಯಿತು.

ಅವನು ಪೆಟ್ಟಿಗೆಯಿಂದ ಇಳಿದು, ಆ ಹಿಂದಿ ಮಾತುಗಳನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದುಕೊಟ್ಟ. ಉಸಿರು ತೆಗೆದುಕೊಳ್ಳಬೇಕಾದಲ್ಲೆಲ್ಲ ಒಂದೊಂದು ಗೀಟು.

“ಗೀಟು ಬಂದಾಗ ನನ್ನ ನೋಡಿ. ಉಳಿದಿದ್ದು ತಾನಾಗೇ ಬರುತ್ತೆ.”

ಬಂತು. ‘ಈ ಮನೆಯಲ್ಲಿ ಯಾರಿಲ್ಲದಿದ್ದರೂ ನಿನಗೆ ನಾನಿದ್ದೇನೆ’ ಎಂಬ ನಾಯಕನ ಮಾತನ್ನು ಅವನು ಎಷ್ಟು ಮೆಲ್ಲಗೆ ಓದಿದನೆಂದರೆ, ಅವಳ ಕಣ್ಣು ತುಂಬಿ ತುಳುಕಿತು.

“ಕಟ್! ಇದಪ್ಪಾ ಕಣ್ಣೀರು ಅಂದ್ರೆ!” ನಿರ್ದೇಶಕರು ಎದ್ದು ನಿಂತರು.

ಹೀಗೆ ಎರಡು ವರ್ಷ.

ಪೆಟ್ಟಿಗೆ ಹತ್ತಿದರೆ ಅವನು ಗಂಡ, ‘ನೀನು’ ಎನ್ನುತ್ತಿದ್ದ. ಇಳಿದರೆ ಸಹಾಯಕ, ‘ನೀವು’ ಎನ್ನುತ್ತಿದ್ದ. ಅಳುವ ದೃಶ್ಯ ಬಂದರೆ ಮಾತ್ರ ನಡುವೆಯೇ ಇಳಿದುಬಿಡುತ್ತಿದ್ದ. “ಅಳೋರಿಗೆ ಎತ್ತರದಲ್ಲಿ ನಿಂತು ಸಮಾಧಾನ ಹೇಳಕ್ಕಾಗಲ್ಲ ಸಾರ್.” ಅವಳ ದೃಷ್ಟಿ ಒಂದು ಗೇಣು ಕೆಳಗಾಗುತ್ತಿತ್ತು. ನಿರ್ದೇಶಕರು ಒಮ್ಮೆ ಗೊಣಗಿ, ಆಮೇಲೆ ಸುಮ್ಮನಾದರು. “ಹೋಗ್ಲಿ ಬಿಡು. ಗೇಣು ಹಾಕಿ ಅಳೆಯೋರು ಯಾರಿದ್ದಾರೆ!”

ಇನ್ನು ಅತ್ತೆ. ಪರದೆಯ ಮೇಲೆ ಸೊಸೆಯನ್ನು ಹುರಿದು ಮುಕ್ಕುವ ಆ ಅತ್ತೆಯ ಪಾತ್ರಧಾರಿ, ‘ಪೆಟ್ಟಿಗೆ’ ಸಹಾಯಕನ ಸ್ವಂತ ತಾಯಿ. ಕ್ಯಾಮೆರಾ ನಿಂತೊಡನೆ ಕಿತ್ತಳೆ ಸುಲಿದು ಅವಳ ಕೈಗಿಡುತ್ತಿದ್ದರು.

“ತಿನ್ನೇ. ಮಧ್ಯಾಹ್ನ ನಿನ್ನ ಕೆನ್ನೆಗೆ ಬಾರಿಸೋದಿದೆ, ಶಕ್ತಿ ಬೇಕು.”

“ನಿಮಗಾ ನನಗಾ ಅತ್ತೆ?”

“ಹೊಡೆಯೋಳಿಗೇ ಕಣೇ ಸುಸ್ತು ಜಾಸ್ತಿ!”

ಇಷ್ಟರ ನಡುವೆ ತನಗೇನಾಗುತ್ತಿದೆ ಎಂದು ಅವಳು ಕೇಳಿಕೊಳ್ಳಲೇ ಇಲ್ಲ. ಬೆಳಿಗ್ಗೆ ಸೆಟ್ಟಿಗೆ ಕಾಲಿಟ್ಟ ತಕ್ಷಣ ಕಣ್ಣು ಮೊದಲು ಆ ಪೆಟ್ಟಿಗೆಯನ್ನು ಹುಡುಕುತ್ತಿತ್ತು. ಅಷ್ಟೇ… ಅಷ್ಟೇನಾ?

ಐನೂರನೇ ಕಂತಿನ ದಿನ ವಾಹಿನಿಯವರು ಸಂದರ್ಶನ ಇಟ್ಟುಕೊಂಡರು. ವಾಹಿನಿಯ ಹೆಂಗಸು ಮೊದಲೇ ಕಿವಿಯಲ್ಲಿ ಹೇಳಿಕೊಟ್ಟಿದ್ದಳು: “ಜೋಡಿ ಚೆನ್ನಾಗಿದೆ ಅಂತ ಜನ ಮುಗಿಬಿದ್ದಿದ್ದಾರೆ. ಕಣ್ಣೀರು ಹೇಗೆ ಬರುತ್ತೆ ಅಂದ್ರೆ ನಾಯಕರ ಹೆಸರೇ ಹೇಳ್ಬೇಕು, ಆಯ್ತಾ?”

ಅವಳು ಪಾಠ ಒಪ್ಪಿಸಿದಂತೆ ಒಪ್ಪಿಸಿಬಿಟ್ಟಳು. “ನನ್ನ ಕ್ಲೋಸಪ್ಪಿಗೆ ಎದುರು ನಿಲ್ಲೋದು ಯಾವಾಗಲೂ ಇವರೇ. ನನ್ನ ಕಣ್ಣೀರಿನ ಅರ್ಧ ಪುಣ್ಯ ಇವರದ್ದು.”

ನಾಯಕ ನಕ್ಕು ಕೈಮುಗಿದ. ಚಪ್ಪಾಳೆ ಬಿತ್ತು.

ದೀಪಗಳಾಚೆಯ ಮಬ್ಬಿನಲ್ಲಿ ಸಹಾಯಕ ನಿಂತಿದ್ದ. ಕಿವಿಯ ಮೇಲಿನ ಪೆನ್ಸಿಲ್ಲನ್ನು ತೆಗೆದು ಪೆಟ್ಟಿಗೆಯ ಮೇಲಿಟ್ಟು ಹೊರಟುಹೋದ.

ಮರುದಿನ ಪೆಟ್ಟಿಗೆಯ ಮೇಲೆ ಬೇರೊಬ್ಬ! ಕೆಳಗಿನ ಮಹಡಿಯಲ್ಲಿ ನಡೆಯುವ ಕೋರ್ಟಿನ ಧಾರಾವಾಹಿಗೆ ಅವನು ತಾನಾಗಿಯೇ ಕೇಳಿಕೊಂಡು ಹೋಗಿದ್ದನಂತೆ.

‘ಒಂದು ಮಾತು ಹೇಳದೆ ಹೋದವರನ್ನ ನಾನ್ಯಾಕೆ ಹುಡುಕ್ಕೊಂಡು ಹೋಗ್ಲಿ?’ ಅವಳಿಗೂ ಅಭಿಮಾನ ಕಡಿಮೆಯೇ? ಹೋಗಲಿಲ್ಲ.

ಆದರೆ ಕಣ್ಣು ಅವಳ ಮಾತು ಕೇಳಬೇಕಲ್ಲ. ಒಂದು ಹನಿ ಬಂದಿದ್ದರೆ ಕೇಳಿ! ವಾರವಿಡೀ ಬತ್ತಿದ ಬಾವಿ.

“ಏನಮ್ಮಾ, ಗೋಡೆ ನೋಡ್ದಂಗೆ ನೋಡ್ತೀಯ?” ನಿರ್ದೇಶಕರ ತಾಳ್ಮೆ ಮುಗಿದಿತ್ತು. “ನಾಳೆ ಅತ್ತೆ ನಿನ್ನನ್ನ ಮನೆಯಿಂದ ಹೊರಗೆ ಹಾಕೋ ದೃಶ್ಯ. ಪೂರಾ ಐದು ನಿಮಿಷ ನಿನ್ನ ಮುಖ. ಬರ್ಲಿಲ್ಲ ಅಂದ್ರೆ ಕಣ್ಣಿಗೆ ಗ್ಲಿಸರಿನ್ ಹಾಕಿಸ್ತೀನಿ ನೋಡು.”

ಗ್ಲಿಸರಿನ್! ಇವತ್ತಿನವರೆಗೆ ಅವಳು ಸುಳ್ಳು ಕಣ್ಣೀರು ಸುರಿಸಿದವಳಲ್ಲ. ಅದೊಂದೇ ಅವಳ ಹೆಮ್ಮೆ.

ಆ ಸಂಜೆ ಊರಿನಿಂದ ಅಮ್ಮನ ಫೋನು. ಅಮ್ಮನದು ಹೊಲಿಗೆ ಅಂಗಡಿ. ಹಿಂದಿ ಒಂದಕ್ಷರ ಬಾರದು. ಆದರೂ ಮಗಳು ಟಿವಿಯಲ್ಲಿ ಬರುವ ಹೊತ್ತಿಗೆ ಹೊಲಿಗೆ ಮಿಷನ್ ನಿಲ್ಲಿಸಿ, ಬಂದ ಗಿರಾಕಿಗಳನ್ನೂ ಕೂರಿಸಿಬಿಡುತ್ತಿದ್ದಳು. “ಕಾಜಾ ಆಮೇಲೆ ಹಾಕ್ತೀನಿ. ಮೊದಲು ನನ್ನ ಮಗಳನ್ನ ನೋಡಿ!”

“ಏನೇ ಇದು?” ಅಮ್ಮ ನೇರ ವಿಷಯಕ್ಕೆ ಬಂದಳು. “ಯಾರನ್ನೇ ನೋಡ್ತಿದ್ದೀಯ ಈಗ?”

“ಯಾರನ್ನ ಅಂದ್ರೆ? ಗಂಡನ್ನ.”

“ನನ್ನತ್ರಾನೇ ನಾಟಕನಾ? ಆ ಗಂಡ ಆರಡಿ. ಇಷ್ಟು ದಿನ ಅಳೋವಾಗೆಲ್ಲ ನಿನ್ನ ಕಣ್ಣು ಒಂದು ಗೇಣು ಕೆಳಗಿರ್ತಿತ್ತು. ಈಗ ಸರಿಯಾಗಿ ಮೇಲಿದೆ, ಆದ್ರೆ ಕಣ್ಣಲ್ಲಿ ಏನೂ ಇಲ್ಲ.”

“ನಿಂಗೆ… ನಿಂಗೆ ಹೇಗಮ್ಮ ಗೊತ್ತಾಯ್ತು?”

“ಹುಟ್ಟಿದಾಗಿನಿಂದ ಟೇಪು ಹಿಡಿದಿರೋ ಕೈ ಕಣೇ ಇದು. ಮಾತು ಅರ್ಥ ಆಗಲ್ಲ, ಅದಕ್ಕೇ ಬರೀ ಕಣ್ಣು ನೋಡ್ತೀನಿ.” ಅಮ್ಮನ ದನಿ ಮೆತ್ತಗಾಯಿತು. “ಯಾರೇ ಆ ಕುಳ್ಳ?”

ಅಳು ನಗು ಎರಡೂ ಒಟ್ಟಿಗೇ ಬಂದವು. ವಾರದಿಂದ ಹುಡುಕುತ್ತಿದ್ದ ಕಣ್ಣೀರು ಫೋನಿನ ಮೇಲೆ ಸುರಿಯಿತು. ಸಂದರ್ಶನದ ಮಾತನ್ನೂ ಬಿಡದೆ ಎಲ್ಲ ಹೇಳಿದಳು.

ಅಮ್ಮ ಪೂರ್ತಿ ಕೇಳಿಸಿಕೊಂಡಳು. “ನಾನು ಹೊಲಿದ ಬಟ್ಟೇನ ನೀನು ಇನ್ನೊಬ್ಬರು ಹೊಲಿದಿದ್ದು ಅಂದ್ರೆ ನಂಗೆ ಹೇಗಾಗುತ್ತೆ ಮಗಳೇ?”

ಅಷ್ಟೇ ಸಾಕಾಯಿತು.

ಮರುದಿನ ಬೆಳಿಗ್ಗೆ ಸೊಸೆಯ ವೇಷದಲ್ಲೇ, ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮೆಟ್ಟಿಲಿಳಿದಳು. ಕೆಳಗೆ ಕೋರ್ಟಿನ ಸೆಟ್ಟು. ದೀಪ ಸರಿಮಾಡುತ್ತಿದ್ದರು. ಅವನು ಆರೋಪಿಯ ಬದಲಿಗೆ ಕಟಕಟೆಯಲ್ಲಿ ನಿಂತಿದ್ದ!

“ಇಳೀರಿ,” ಎಂದಳು. “ಅದು ನಿಮ್ಮ ಜಾಗ ಅಲ್ಲ. ತಪ್ಪು ಮಾಡಿದೋಳು ನಾನು.”

ದೀಪದವರು ತಿರುಗಿ ನೋಡಿದರು. ಅವನು ಗಾಬರಿಯಿಂದ ಇಳಿದ. ಅವಳು ಕಟಕಟೆ ಹತ್ತಿ ನಿಂತಳು.

“ನಾನು ಸುಳ್ಳು ಹೇಳಿದೆ. ಎರಡು ವರ್ಷ ನನ್ನ ಪ್ರತಿಯೊಂದು ಹನಿಗೂ ಎದುರು ನಿಂತವರು ನೀವು. ಅದನ್ನ ಬೇರೆಯವರಿಗೆ ಕೊಟ್ಟುಬಿಟ್ಟೆ.”

“ಹೇಳಿಕೊಟ್ಟಿದ್ದು ಹೇಳಿದ್ರಿ, ತಪ್ಪೇನಿಲ್ಲ.” ಅವನು ನೆಲ ನೋಡಿದ. “ಆದ್ರೆ ನನಗೂ ಮಾನ ಅಂತ ಒಂದಿದೆ. ಪರದೆ ಮೇಲೆ ಹೆಸರು ಬೇಕಿರ್ಲಿಲ್ಲ. ನಿಮ್ಮ ಬಾಯಲ್ಲಿ ಒಂದು ಸಲ ಬಂದಿದ್ರೆ… ಸಾಕಿತ್ತು.”

“ಹಾಗಾದ್ರೆ ಮೇಲೆ ನಮ್ಮ ಸೆಟ್ಟಿಗೆ ಬನ್ನಿ. ಎಲ್ಲರ ಮುಂದೆ ಹೇಳ್ತೀನಿ.”

“ಬೇಡ, ವಾಹಿನಿಯವರು—”

“ಅವರಿಗೂ ಕೇಳಿಸ್ಲಿ ಅಂತಾನೇ!”

ಹೇಳಿದಳು. ದೀಪದವರು, ಬಣ್ಣದವರು, ವಾಹಿನಿಯ ಹೆಂಗಸು ಎಲ್ಲರ ಮುಂದೆ, ತಲೆ ಎತ್ತಿ, ಗೀಟು ಗೀಟಿಗೆ ಉಸಿರು ತೆಗೆದುಕೊಂಡು ಹೇಳಿದಳು. “ನೀವೆಲ್ಲ ನನ್ನ ಕಣ್ಣೀರು ಅಂತೀರಲ್ಲ, ಅದು ಇವರದ್ದೂ ಹೌದು. ಇವರ ಮುಂದೆ ನಾನು ಯಾವತ್ತೂ ನಟಿಸಿಲ್ಲ.”

ವಾಹಿನಿಯ ಹೆಂಗಸು ಬಾಯಿ ತೆರೆಯುವ ಮೊದಲೇ ನಾಯಕ ಗಹಗಹಿಸಿ ನಕ್ಕ. “ನಿಜಾನೇ! ಆ ಹೊತ್ತಿಗೆಲ್ಲ ನಾನು ಊಟ ಮಾಡ್ತಿರ್ತೀನಿ.”

ನಗುವಿನ ನಡುವೆಯೇ ಕ್ಯಾಮೆರಾ ಸಿದ್ಧವಾಯಿತು. ಅವನು ಪೆಟ್ಟಿಗೆಯನ್ನು ಎಳೆದುಕೊಂಡು, ಹತ್ತಲು ಕಾಲೆತ್ತಿದವನು… ಹಾಗೆಯೇ ಕೆಳಗಿಟ್ಟ. ನೆಲದ ಮೇಲೆಯೇ ನಿಂತ.

ಐದು ನಿಮಿಷ. ಒಂದೇ ಉಸಿರಿನಂಥ ಐದು ನಿಮಿಷ! ಮನೆ ಬಿಟ್ಟು ಹೊರಟ ಸೊಸೆ ಗಂಡನನ್ನು ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆ ಇಟ್ಟಳು. ಕೆನ್ನೆಯ ಮೇಲೆ ಹನಿ ಇಳಿದದ್ದು ಅವಳಿಗೇ ತಿಳಿಯಲಿಲ್ಲ.

“ಕಟ್!” ಎಂದರು ನಿರ್ದೇಶಕರು. ಮರುಕ್ಷಣ ಕೂಗಿಕೊಂಡರು. “ಅಮ್ಮಾ ಅತ್ತೆಮ್ಮಾ! ನೀವ್ಯಾಕೆ ಮುಖ ಅರಳಿಸ್ಕೊಂಡು ನಿಂತಿದ್ದೀರಿ? ಸೊಸೇನ ಮನೆಯಿಂದ ಹೊರಗೆ ಹಾಕ್ತಿದ್ದೀರಿ ನೀವು!”

“ನನ್ನ ಮುಖ ನಾಳೆ ತಗೊಳ್ಳಿ ಸಾರ್,” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇವತ್ತು ಸಿಟ್ಟು ಬರಲ್ಲ. ನನ್ನ ಮಗನಿಗೆ ಇಷ್ಟು ದೊಡ್ಡ ಮರ್ಯಾದೆ ಯಾರೂ ಮಾಡಿರ್ಲಿಲ್ಲ.”

ದೀಪಗಳು ಒಂದೊಂದಾಗಿ ಆರಿದವು. ಪೆಟ್ಟಿಗೆಯ ಮೇಲೆ ಈಗ ಅವಳು ಕೂತಿದ್ದಳು. ಅವನು ಎದುರಿಗೆ ನಿಂತು ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

“ಇವತ್ತಿನ ದೃಶ್ಯದಲ್ಲೂ ದೃಷ್ಟಿ ಒಂದು ಗೇಣು ಕೆಳಗಾಯ್ತು.”

“ಆಗ್ಲಿ. ಅಲ್ಲೇ ಇರೋದು ನಾನು ನೋಡ್ಬೇಕಾದ ಮುಖ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. ಕೈಯಲ್ಲಿ ಹಾಳೆ ಇರಲಿಲ್ಲ. ಓದಿ ಹೇಳುವಂಥದ್ದು ಏನೂ ಇರಲಿಲ್ಲ.

“ನಮ್ಮನೆಗೆ ಬರ್ತೀಯಾ?”

ಬರ್ತೀಯಾ! ಪೆಟ್ಟಿಗೆ ಹತ್ತದೆ ಅವನು ಹಾಗೆಂದದ್ದು ಅದೇ ಮೊದಲು.

“ಈಗ್ತಾನೇ ನಿಮ್ಮಮ್ಮ ಹೊರಗೆ ಹಾಕಿದ್ರಲ್ಲ?”

“ಅವರೇ ಹೇಳಿ ಕಳಿಸಿದ್ದು, ವಾಪಸ್ ಕರ್ಕೊಂಡು ಬಾ ಅಂತ. ಈ ಸಲ… ಯಾವತ್ತಿಗೂ.”

ಅವಳು ಮುಖ ಮುಚ್ಚಿಕೊಂಡು ನಕ್ಕಳು. “ಬರ್ತೀನಿ. ಆದ್ರೆ ಮೊದಲು ನಮ್ಮಮ್ಮನ ಹತ್ರ ಹೋಗ್ಬೇಕು. ಈ ಮಾಸಿದ ಅಂಗಿ ಸಾಕಂತೆ, ಹೊಸದು ಹೊಲಿದು ಕೊಡ್ತಾಳಂತೆ ನಿಂಗೆ.”

“ನನ್ನ ಎತ್ತರ ಎಷ್ಟು ಅಂತ ಹೇಳಿದ್ದೀಯಾ ಅವರಿಗೆ?”

“ಹೇಳಿಲ್ಲ,” ಎಂದಳು, ಅವನ ಕಣ್ಣಲ್ಲೇ ಕಣ್ಣಿಟ್ಟು. “ಅವಳು ಯಾವತ್ತೋ ಅಳೆದಾಗಿದೆ.”