ಇನೋಕೆಯ ಅರವತ್ತು ಬಟನ್‌ಗಳು

ಆ ಇ-ಮೇಲ್‌ಗಳನ್ನು ಬರೆಯುವವನು ಅರವತ್ತು ದಾಟಿದ, ಸದಾ ಹಲ್ಲು ಕಡಿಯುವ ಮುದುಕನೇ ಇರಬೇಕೆಂದು ವಾಸಿತಿ ನಂಬಿದ್ದಳು.

ಒಂದೇ ವಾರದಲ್ಲಿ ಹದಿಮೂರು ಬಂದಿದ್ದವು. ಎಲ್ಲದರ ಕೆಳಗೂ ಒಂದೇ ಹೆಸರು, ಇನೋಕೆ. ‘ಯಾರೋ ನನ್ನ ಅಡುಗೆಮನೆಗೆ ನುಗ್ಗಿ, ಚಾಕು ಸೌಟು ಎಲ್ಲ ಎತ್ತಿ ಎಸೆದು, ಒಂದೇ ಒಂದು ಚಮಚ ಇಟ್ಟು ಹೋಗಿದ್ದಾರೆ’ ಎಂದು ಕೊನೆಯದರಲ್ಲಿತ್ತು.

ಆ ಯಾರೋ ಅವಳೇ.

ಫಿಜಿಯ ರಾಜಧಾನಿ ಸುವಾ ಪೇಟೆಯ ಬೇಕರಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರ ಕಂಪನಿ. ಅಲ್ಲಿ ತಯಾರಾಗುವ ಸಾಫ್ಟ್‌ವೇರಿನ ಹೆಸರು ಲಾಲಿ. ಊರವರನ್ನು ಚರ್ಚಿಗೆ ಕರೆಯುವ ಮರದ ನಗಾರಿಯ ಹೆಸರು ಅದು. ಫಿಜಿಯ ಯಾವ ದ್ವೀಪದಲ್ಲಿ ಮದುವೆಯಾಗಲಿ, ರಗ್ಬಿ ಪಂದ್ಯವಾಗಲಿ, ಭಾನುವಾರದ ಪ್ರಾರ್ಥನೆಯಾಗಲಿ, ಅದನ್ನು ಸಿಡ್ನಿ, ಆಕ್ಲೆಂಡ್‌ನಲ್ಲಿರುವ ನಂಟರಿಗೆ ನೇರ ಪ್ರಸಾರ ಮಾಡುವುದು ಲಾಲಿಯ ಕೆಲಸ. ಹತ್ತು ವರ್ಷಗಳಲ್ಲಿ ಕೇಳಿದವರಿಗೆಲ್ಲ ಒಂದೊಂದು ಬಟನ್ ಸೇರಿಸಿ ಸೇರಿಸಿ ಪರದೆ ಸಂತೆಯಾಗಿತ್ತು. ಹೊಸದಾಗಿ ಬಂದ ಡಿಸೈನರ್ ವಾಸಿತಿ ಅರವತ್ತು ಬಟನ್‌ಗಳನ್ನು ಮೆನುವಿನೊಳಗೆ ಬಚ್ಚಿಟ್ಟು, ನಡುವೆ ಒಂದು ದೊಡ್ಡ ಹಸಿರು ಬಟನ್ ಮಾತ್ರ ಉಳಿಸಿದಳು. ಚರ್ಚಿನವರು ಹರಸಿದರು. ಆಟ ಪ್ರಸಾರ ಮಾಡುವ ಹಳಬರು ಉರಿದುಬಿದ್ದರು.

ಸೋಮವಾರ ಬೆಳಿಗ್ಗೆ, ಮಳೆಯಲ್ಲಿ ತೊಯ್ದ ಎತ್ತರದ ಯುವಕನೊಬ್ಬ ಬಾಗಿಲಲ್ಲಿ ನಿಂತ. ಲ್ಯಾಪ್‌ಟಾಪ್ ಮಾತ್ರ ಅಂಗಿಯೊಳಗೆ ಬೆಚ್ಚಗಿತ್ತು.

“ಚಮಚ ಇಟ್ಟವರು ಯಾರು?”

ವಾಸಿತಿ ಕುರ್ಚಿಯಿಂದ ಎದ್ದಳು. “ನೀವು… ಇನೋಕೆನಾ? ಮುದುಕರಲ್ವಾ ನೀವು?”

“ನಿಮ್ಮ ಹೊಸ ವರ್ಷನ್ ಹಾಕ್ಕೊಂಡ ಮೇಲೆ ಆಗಿದ್ದೀನಿ.”

ನಗು ಬಂತು, ನುಂಗಿಕೊಂಡಳು. ಅವನು ಅದನ್ನು ನೋಡಿಬಿಟ್ಟ. ಅವನ ಹುಬ್ಬು ತುಸುವೇ ಮೇಲೇರಿದ್ದನ್ನು ಅವಳೂ ನೋಡಿದಳು.

“ಕೂತ್ಕೊಳ್ಳಿ, ಒಬ್ಬರ ಕಥೆ ಹೇಳ್ತೀನಿ,” ಎಂದಳು. “ಕೆಲೆರಾ ಅಜ್ಜಿ ಅಂತ. ಈಸ್ಟರ್ ದಿನ ಚರ್ಚಿನ ಹಾಡು ಪ್ರಸಾರ ಮಾಡ್ತೀನಿ ಅಂತ ಹೋಗಿ ಯಾವ್ದೋ ಬಟನ್ ಒತ್ತಿ ನಲವತ್ತು ನಿಮಿಷ ಚಾವಣಿ ಫ್ಯಾನ್ ತೋರಿಸಿದ್ರು. ಸಿಡ್ನಿಯಿಂದ ಮಗಳು ಫೋನ್ ಮಾಡಿದ ಮೇಲೇ ಗೊತ್ತಾಗಿದ್ದು. ಅಜ್ಜಿ ಅತ್ತುಬಿಟ್ರು ರೀ. ಅವರಿಗೆ ನಿಮ್ಮ ಅರವತ್ತು ಬಟನ್ ಬೇಡ.”

“ನನಗೆ ಬೇಕಲ್ಲ! ಗೆರೆ ದಾಟಿ ಚೆಂಡು ಊರಿ ಟ್ರೈ ಹೊಡೆದ ಮೂರು ಸೆಕೆಂಡಿಗೆ ಅದನ್ನ ಮತ್ತೆ ತೋರಿಸ್ಬೇಕು. ಮೆನು ಕೆದಕ್ತಾ ಕೂತ್ರೆ ಜನ ನನ್ನ ತಾತನನ್ನೂ ಸೇರಿಸಿ ಬೈತಾರೆ.” ಆಮೇಲೆ ಅವಳನ್ನೇ ದಿಟ್ಟಿಸಿ ಕೇಳಿದ, “ಯಾವೂರು ನಿಮ್ದು?”

ಅವಳು ತನ್ನ ದ್ವೀಪದ ಹೆಸರು ಹೇಳಿದಳು. ಇನೋಕೆಯ ಮುಖ ಅರಳಿತು. ಅವನ ದ್ವೀಪಕ್ಕೂ ಅವಳ ದ್ವೀಪಕ್ಕೂ ತಲೆಮಾರುಗಳಿಂದ ಗೇಲಿಯ ನಂಟು. ಎಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಆಡಿಕೊಳ್ಳುವುದು ಹಕ್ಕು, ಬೇಸರಿಸಿಕೊಳ್ಳುವುದು ತಪ್ಪು.

“ಮೊದಲೇ ಹೇಳಬಾರದಾ! ನಿಮ್ಮೋರು ತೆಂಗಿನಕಾಯಿ ಒಡೆಯೋಕೂ ಮೀಟಿಂಗ್ ಕರೀತಾರೆ. ನೀನು ಒಂದೇ ಬಟನ್ ಇಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಎರಡಾದ್ರೆ ಎಣಿಸೋಕಾಗಲ್ಲ.”

‘ನೀವು’ ಹೋಗಿ ‘ನೀನು’ ಬಂದದ್ದು ಅವಳ ಕಿವಿಗೆ ಬೆಚ್ಚಗೆ ತಾಗಿತು.

“ನಿಮ್ಮೋರಿಗೆ ಅರವತ್ತು ಯಾಕೆ ಬೇಕು ಅಂತ ನಂಗೂ ಗೊತ್ತಾಯ್ತು. ಯಾವುದಾದ್ರೂ ಒಂದು ಸರಿ ಬೀಳ್ಲಿ ಅಂತ ಎಲ್ಲಾ ಒತ್ತೋದು.” ಹಾಗೆಂದವಳು ಮುಂದಕ್ಕೆ ಬಾಗಿದಳು. “ಬುಧವಾರ ನಿನ್ನ ಪ್ರಸಾರಕ್ಕೆ ಬರ್ತೀನಿ. ನಿನ್ನ ಬೆರಳು ಶೂಟ್ ಮಾಡ್ಬೇಕು.”

“ಮುಖ ಬೇಡ್ವಾ?”

“ಬೆರಳು ಸಾಕು.”

ಬುಧವಾರ ಮೈದಾನದ ಅಂಚಿನ ಟೆಂಟಿನಲ್ಲಿ ವಾಸಿತಿ ಅವನ ಕೈಗಳತ್ತ ಕ್ಯಾಮೆರಾ ತಿರುಗಿಸಿಟ್ಟಳು. ಹಳೇ ಲಾಲಿಯ ಮುಂದೆ ಕೂತ ಇನೋಕೆಯ ಕಣ್ಣು ಆಟದ ಮೇಲೆ. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಕ್ಯಾಮೆರಾ ಬದಲಾಯಿತು, ಅಂಕ ಏರಿತು, ಟ್ರೈ ಮತ್ತೆ ನಿಧಾನವಾಗಿ ಮೂಡಿತು. ಕೆಲಸಕ್ಕೆಂದು ಬಂದವಳು ಸುಮ್ಮನೆ ನೋಡುತ್ತ ಕುಳಿತಳು. ಅಷ್ಟು ಚುರುಕಾದ ಕೈ ವಿರಾಮದಲ್ಲಿ ಚಹಾದ ಲೋಟ ಹಿಡಿದರೆ ಎಷ್ಟು ಮೆದುವಾಗುತ್ತದೆ!

“ಏನು ಹಂಗೆ ನೋಡ್ತಿದ್ದೀಯ?”

“ರಿಸರ್ಚ್.”

“ಕ್ಯಾಮೆರಾ ಆಫ್ ಆಗಿ ಐದು ನಿಮಿಷ ಆಯ್ತು.”

ಅವಳ ಕಿವಿ ಕೆಂಪೇರಿತು.

ಪಂದ್ಯ ಮುಗಿದ ಮೇಲೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಎಣಿಸಿದಳು. “ಅರವತ್ತರಲ್ಲಿ ನೀನು ಒತ್ತಿದ್ದು ಹನ್ನೊಂದು.”

“ಸುಳ್ಳು!”

“ನೀನೇ ಎಣಿಸು.”

ಎರಡು ಸಲ ಎಣಿಸಿದ. ಹನ್ನೊಂದೇ. “ಉಳಿದ ನಲವತ್ತೊಂಬತ್ತು ಗೌರವಕ್ಕೆ ಇರ್ಲಿ,” ಎಂದು ತಲೆ ಕೆರೆದುಕೊಂಡ.

ಕೆಲೆರಾ ಅಜ್ಜಿಯನ್ನೂ ವಾಸಿತಿ ಅವತ್ತು ಕರೆಸಿದ್ದಳು. ಹೊಸ ಲಾಲಿ ಹಾಕಿಕೊಟ್ಟು, ಅಭ್ಯಾಸದ ಓಟ ಓಡುತ್ತಿದ್ದ ಆಟಗಾರರನ್ನು ತೋರಿಸಲು ಹೇಳಿದರು. ಅಜ್ಜಿ ಹಸಿರು ಬಟನ್ ಒತ್ತಿ, ಇಪ್ಪತ್ತು ನಿಮಿಷ ಹಾಯಾಗಿ ಕೂತು, ಇದ್ದಕ್ಕಿದ್ದಂತೆ ತಿರುಗಿದಳು.

“ಆ ಉದ್ದ ಕಾಲಿನವನು ಬಿದ್ನಲ್ಲ, ಅದನ್ನ ಮತ್ತೆ ತೋರ್ಸೋದು ಹೆಂಗಪ್ಪಾ?”

ವಾಸಿತಿಯೂ ಇನೋಕೆಯೂ ಮುಖ ಮುಖ ನೋಡಿಕೊಂಡರು.

“ಅಜ್ಜಿಗೇ ಬೇಕಂತೆ!” ಅವನು ಎದ್ದೇ ನಿಂತ.

“ಇವತ್ತು ಒಂದು ಬಟನ್, ನಾಳೆ ಎರಡು!” ವಾಸಿತಿಯ ಮಾತುಗಳು ಒಂದರ ಮೇಲೊಂದು ಬಿದ್ದವು. “ಹೊಸಬರು ಬೇರೆ, ಹಳಬರು ಬೇರೆ ಅಂದ್ಕೊಂಡು ಕೂತಿದ್ನಲ್ಲ ನಾನು! ಪರದೆ ಒಂದೇ ಇರ್ಲಿ. ಹಸಿರು ಬಟನ್ ಎಲ್ಲರಿಗೂ. ಅಂಚು ಹಿಡಿದು ಎಳೆದ್ರೆ ಇನ್ನೊಂದು ಸಾಲು, ಮತ್ತೆ ಎಳೆದ್ರೆ ಇನ್ನೊಂದು…”

“ಎಳೆದದ್ದು ಅಲ್ಲೇ ನಿಲ್ಲಬೇಕು. ಯಾವುದು ಎಲ್ಲಿ ಅಂತ ನಾನೇ ಜೋಡಿಸ್ಕೋಬೇಕು.”

“ಜೋಡಿಸ್ಕೋ ಮಾರಾಯ!”

ಕಾಗದದ ಮೇಲೆ ಇಬ್ಬರೂ ಒಟ್ಟಿಗೆ ಗೆರೆ ಎಳೆಯಲು ಹೋಗಿ ಕೈಗೆ ಕೈ ತಾಗಿತು. ಇಬ್ಬರೂ ತೆಗೆಯಲಿಲ್ಲ. ಅಜ್ಜಿ ಗಂಟಲು ಸರಿಮಾಡಿಕೊಂಡಳು. “ನಾನು ಕೇಳಿದ್ದಕ್ಕೆ ಯಾರೂ ಉತ್ತರ ಹೇಳ್ಲಿಲ್ಲ.”

ಮುಂದಿನ ಮೂರು ವಾರ ಇನೋಕೆ ದಿನಾ ಆಫೀಸಿಗೆ ಬಂದ. ಕೆಳಗಿನ ಬೇಕರಿಯಿಂದ ಬಿಸಿ ಬನ್ ತಂದು, ಅವಳ ಡಿಸೈನಿನ ಹುಳುಕು ತೆಗೆದು, ಅವಳಿಂದ ಬೈಸಿಕೊಂಡು ಹೋಗುತ್ತಿದ್ದ. ಬರುವುದು ಬಟನ್‌ಗಳಿಗಾಗಿಯೋ ತನಗಾಗಿಯೋ? ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ತಂಡಕ್ಕೆ ಏಳೇ ಜನ ಆಡುವ ರಗ್ಬಿ, ಸೆವೆನ್ಸ್ ಟೂರ್ನಿಯ ಫೈನಲ್ ಬಂತು; ಅದರ ಪ್ರಸಾರ ಹೊಸ ಲಾಲಿಯಲ್ಲಿ. “ಇದು ಕೈಕೊಟ್ರೆ ಹಳೇ ಲಾಲಿನೇ ಗತಿ,” ಎಂದಿದ್ದ ಮಾಲೀಕ ರುಪೇನಿ. “ಹಳಬರೆಲ್ಲ ಇವತ್ತು ಇನೋಕೆ ಏನ್ ಹೇಳ್ತಾನೆ ಅಂತ ಕಾಯ್ತಿದ್ದಾರೆ.”

ಆಟ ಶುರುವಾಗಲು ಹತ್ತು ನಿಮಿಷ. ಗೋಪುರದ ಕ್ಯಾಮೆರಾ ಬಿಗಿಯಲು ಹತ್ತಿದ್ದ ಇನೋಕೆ ಒದ್ದೆ ಏಣಿಯಿಂದ ಜಾರಿಬಿದ್ದ. ಎದ್ದು ನಿಂತಾಗ ಬಲ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ಬೆರಳು ಮಡಿಸಲು ಬರಲಿಲ್ಲ.

“ನೀನು ಕೂರು,” ಎಂದ ವಾಸಿತಿಗೆ.

“ನಾನಾ? ನಂಗೆ ಬಾಲ್ ಎಲ್ಲಿದೆ ಅಂತಾನೇ ಕಾಣಲ್ಲ!”

“ಫಿಜಿಯವಳಾಗಿ!”

“ಸರೀರೋ ಅತ್ಲಾಗೆ,” ಎಂದಿತು ಒಂದು ದನಿ. ತನ್ನೂರ ತಂಡ ನೋಡಲು ಬಂದಿದ್ದ ಕೆಲೆರಾ ಅಜ್ಜಿ! ಐವತ್ತು ವರ್ಷದಿಂದ ಒಂದೂ ಪಂದ್ಯ ಬಿಡದವಳು. ಕುರ್ಚಿ ಎಳೆದು ಕೂತಳು, ಕನ್ನಡಕ ಏರಿಸಿದಳು, ಹಸಿರು ಬಟನ್ ಒತ್ತಿದಳು. ನಂತರ ಯಾರೂ ಹೇಳದೆಯೇ ಅಂಚು ಹಿಡಿದು ಎಳೆದಳು. ಒಂದು ಸಾಲು. ಇನ್ನೊಂದು.

“ಕ್ಯಾಮೆರಾ ಎರಡು,” ಎಂದ ಇನೋಕೆ.

“ಒತ್ತಿ ಆಯ್ತು. ಮುಂದೆ ಹೇಳು.”

ಕೊನೆಯ ನಿಮಿಷ, ಸಮ ಸಮ ಅಂಕ. ಮೂಲೆಯಿಂದ ಒಬ್ಬ ಚೆಂಡು ಹಿಡಿದು ಓಡಿದ. ಮೈದಾನವೇ ಎದ್ದು ನಿಂತಿತು. ವಾಸಿತಿ ಇನೋಕೆಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು; ಯಾವಾಗ ಹಿಡಿದಳೋ ಅವಳಿಗೇ ತಿಳಿಯದು. ಟ್ರೈ! ಅವನು ಬಾಯಿ ತೆರೆಯುವ ಮೊದಲೇ ಅಜ್ಜಿಯ ಬೆರಳು ಬಿದ್ದಿತ್ತು. ಓಟ ಪರದೆಯ ಮೇಲೆ ನಿಧಾನವಾಗಿ, ಹುಲ್ಲಿನಿಂದ ಹಾರಿದ ನೀರಿನ ಹನಿಹನಿಯೂ ಕಾಣುವಂತೆ, ಮತ್ತೆ ಮೂಡಿತು.

“ಎರಡು ಸೆಕೆಂಡು,” ಎಂದ ಇನೋಕೆ ಉಸಿರು ಬಿಡುತ್ತ. “ನನಗಿಂತ ಬೇಗ!”

ರುಪೇನಿ ಅಜ್ಜಿಯನ್ನು ಅಪ್ಪಿಕೊಂಡು ಕುಣಿದ. ಹಳಬರಿಗೆಲ್ಲ ಇನೋಕೆ ಎಡಗೈಯಲ್ಲೇ ಮೆಸೇಜ್ ಕಳಿಸಿದ: ‘ಹಾಕ್ಕೊಳ್ಳಿ. ಭೇಷಾಗಿದೆ.’

ಟೆಂಟಿನಲ್ಲಿ ಇಬ್ಬರೇ ಉಳಿದಾಗ ವಾಸಿತಿ ಅವನ ಮಣಿಕಟ್ಟಿಗೆ ಬಟ್ಟೆ ಸುತ್ತತೊಡಗಿದಳು. ಹೊರಗೆ ಗೆದ್ದವರ ಹಾಡು.

“ಕೆಲಸ ಮುಗೀತು,” ಎಂದ. “ನಾಳಿದ್ದಿನಿಂದ ಬರೋಕೆ ನೆಪ ಇಲ್ಲ.”

“ನೆಪ ಬೇಕಾ ನಿಂಗೆ?”

“ಮೂರು ವಾರದಿಂದ ಹುಡುಕಿ ಹುಡುಕಿ ಸಾಕಾಯ್ತು. ನಿನ್ನೆ ತಂದ ಬಗ್ ಇದೆಯಲ್ಲ, ಅದನ್ನ ನಾನೇ ಹುಟ್ಟಿಸಿದ್ದು.” ಅವನ ದನಿಯಲ್ಲಿ ಮೊದಲ ಬಾರಿ ಗೇಲಿ ಇರಲಿಲ್ಲ. “ವಾಸಿತಿ, ನೀನಂದ್ರೆ ಇಷ್ಟ. ಹೇಳೋಕೆ ಭಯ ಆಗ್ತಿತ್ತು, ತಮಾಷೆ ಅಂದ್ಕೊಂಡು ನಕ್ಕುಬಿಡ್ತೀಯೇನೋ ಅಂತ.”

ಅವಳು ಗಂಟು ಹಾಕಿದಳು. ಕೈ ಬಿಡಲಿಲ್ಲ.

“ನಗ್ತಾ ಇಲ್ಲ, ನೋಡು. ನಂಗೂ ಇಷ್ಟ ಕಣೋ. ನೀನು ಬರೋ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಕಡೆ ಕಿವಿ ಇಟ್ಕೊಂಡು ಕೂತಿರ್ತೀನಿ.”

ಅವನ ಮುಖದಲ್ಲಿ ಬೆಳಕಾಯಿತು.

“ನಾಳೆ ಭಾನುವಾರ,” ಎಂದಳು. “ಚರ್ಚ್ ಮುಗಿಸಿ ನಮ್ಮನೆಗೆ ಬಾ. ಅಪ್ಪ ನೆಲದೊಲೆಯಲ್ಲಿ ಮೀನು ಬೇಯಿಸ್ತಾರೆ.”

“ಊಟಕ್ಕಾ? ಇಲ್ಲಾ ನಮ್ಮ ಪದ್ಧತಿ ಪ್ರಕಾರ ತಿಮಿಂಗಿಲದ ಹಲ್ಲು ಹಿಡ್ಕೊಂಡು ಹೆಣ್ಣು ಕೇಳೋಕಾ?”

“ಮೊದಲು ಊಟ. ಹಸಿದಿರೋ ಹೊತ್ತಲ್ಲಿ ನಮ್ಮಪ್ಪ ಯಾವುದಕ್ಕೂ ಹೂಂ ಅನ್ನಲ್ಲ.”